ಹಿಸ್ಟರೀಸಿಸ್: 'ವಿಳಂಬ' ಅಂದರೆ ಸಾಕಾ?

ಒಂದು ಅನುವಾದ ತಿದ್ದುತ್ತಿದ್ದೆ. 'ಕಾಂತೀಯ ವಿಳಂಬ' ಅಂತ ಒಂದು ಮಾತು ಎದುರಾಯಿತು. ಮೂಲದಲ್ಲಿ ಇದ್ದದ್ದು ಹಿಸ್ಟರೀಸಿಸ್, ಅಂದರೆ ಕಾರಣ ಹೋದ ಮೇಲೂ ಅದರ ಪರಿಣಾಮ ಒಂದಷ್ಟು ಉಳಿದುಬಿಡುವುದು. ನಿಘಂಟಿನ ಲೆಕ್ಕದಲ್ಲಿ ಸರಿಯೇ. ಆದರೂ ಓದಿದವರಿಗೆ ತಪ್ಪು ಚಿತ್ರ ಬರುತ್ತದೆ ಅನ್ನಿಸಿತು.

ಪದ ಗ್ರೀಕಿನದು. ಹಿಂದೆ ಬೀಳುವುದು, ಕಡಿಮೆ ಬೀಳುವುದು ಎಂಬ ಅರ್ಥ. ಇದನ್ನು ವಿಜ್ಞಾನಕ್ಕೆ ತಂದವರು ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಯೂಯಿಂಗ್. 1878ರಿಂದ 1883ರವರೆಗೆ ಅವರು ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿ ಭೂಕಂಪ ಅಳೆಯುವ ಉಪಕರಣಗಳ ಜೊತೆ ಲೋಹಗಳ ಮೇಲೂ ಪ್ರಯೋಗ ಮಾಡಿದರು. ಅಂದಹಾಗೆ, ಹಿಸ್ಟೀರಿಯಾಕ್ಕೂ ಇದಕ್ಕೂ ಗಂಟು ಹಾಕಬೇಡಿ. ಅದು ಗರ್ಭಕೋಶ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು.

ಈಗ ನನ್ನ ತಕರಾರು. ವಿಳಂಬ ಅಂದರೆ ತಡ. ತಡವಾದದ್ದು ಕಾದರೆ ಬರುತ್ತದೆ, ಅಲ್ವಾ? ಇಲ್ಲಿ ಕಾದರೂ ಬರುವುದಿಲ್ಲ. ಒಂದು ಉಕ್ಕಿನ ಸರಳಿಗೆ ತಂತಿ ಸುತ್ತಿ ಕರೆಂಟು ಹರಿಸಿ. ಸರಳು ಆಯಸ್ಕಾಂತವಾಗುತ್ತದೆ, ಗುಂಡುಸೂಜಿಗಳು ಅಂಟಿಕೊಳ್ಳುತ್ತವೆ. ಕರೆಂಟನ್ನು ನಿಧಾನಕ್ಕೆ ಸೊನ್ನೆಗೆ ಇಳಿಸಿ. ಒಂದಷ್ಟು ಸೂಜಿ ಇನ್ನೂ ನೇತಾಡುತ್ತಿರುತ್ತವೆ. ನಾಳೆ ಬಂದು ನೋಡಿದರೂ ಅಷ್ಟೇ. ಉಳಿದ ಕಾಂತತ್ವ ಹೋಗಬೇಕಾದರೆ ಕರೆಂಟನ್ನು ಸ್ವಲ್ಪ ಉಲ್ಟಾ ಹರಿಸಬೇಕು. ಅಂದರೆ ಸರಳು ಈಗ ಹೇಗಿದೆ ಅನ್ನುವುದು ಈಗಿನ ಕರೆಂಟಿನಿಂದ ಮಾತ್ರ ಗೊತ್ತಾಗುವುದಿಲ್ಲ. ಅದು ಯಾವ ದಾರಿಯಲ್ಲಿ ಬಂತು ಅಂತಲೂ ಕೇಳಬೇಕು.

ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು. ಕರೆಂಟು ಆಚೆ ಈಚೆ ಹರಿದಂತೆ ಕಾಂತತ್ವ ಎಷ್ಟಾಯಿತು ಅಂತ ಗ್ರಾಫ್ ಬರೆದರೆ ನಡುವೆ ಒಂದು ಸುತ್ತು ಮೂಡುತ್ತದೆ. ಆ ಸುತ್ತಿನ ಒಳಗಿನ ಜಾಗವೇ ಬಿಸಿಯಾಗಿ ಹೋಗುವ ಶಕ್ತಿ. 50 ಹರ್ಟ್ಸ್ ಕರೆಂಟಿನ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 50 ಸಲ ಈ ಸುತ್ತು ಹಾಕುತ್ತದೆ. ಅದಕ್ಕೇ ಅದರ ತಿರುಳಿಗೆ ಸಿಲಿಕಾನ್ ಬೆರೆಸಿದ ಉಕ್ಕು ಹಾಕುತ್ತಾರೆ. ಅದರ ಸುತ್ತು ಸಣ್ಣದು.

ಫ್ರಿಜ್ಜಿನ ಥರ್ಮೋಸ್ಟಾಟ್‌ನಲ್ಲಿ ಇದೇ ಗುಣವನ್ನು ಬೇಕಂತಲೇ ಇಟ್ಟಿರುತ್ತಾರೆ. ಆನ್ ಆಗುವ ಉಷ್ಣತೆ ಒಂದು, ಆಫ್ ಆಗುವುದು ಇನ್ನೊಂದು. ಎರಡೂ ಒಂದೇ ಆಗಿದ್ದರೆ ಮೋಟರು ನಿಮಿಷಕ್ಕೆ ಹತ್ತು ಸಲ ಟಕ್ ಟಕ್ ಅನ್ನುತ್ತಿತ್ತು. ಅರ್ಥಶಾಸ್ತ್ರದವರೂ ಪದವನ್ನು ಎರವಲು ಪಡೆದಿದ್ದಾರೆ: ಮುಗ್ಗಟ್ಟು ಮುಗಿದರೂ ನಿರುದ್ಯೋಗ ಮೊದಲಿನ ಮಟ್ಟಕ್ಕೆ ಇಳಿಯದಿರುವುದಕ್ಕೆ.

ಹಿಂದಿಯಲ್ಲಿ ಶೈಥಿಲ್ಯ ಅನ್ನುತ್ತಾರೆ. ನಮಗೆ ಅದು ಆಗುವುದಿಲ್ಲ. ಶಿಥಿಲ ಅಂದ ಕೂಡಲೇ ಕಣ್ಣಿಗೆ ಬರುವುದು ಬೀಳುತ್ತಿರುವ ಗೋಡೆ. 'ಹಿಂದುಳಿಕೆ' ಪದಶಃ ಚೆನ್ನಾಗಿದೆ, ಆದರೆ ಅದು ಆಗಲೇ ಬೇರೆ ಕೆಲಸದಲ್ಲಿದೆ. ನನಗೆ ತೋಚಿದ್ದು 'ಹಿಂಜಗ್ಗು'. ಮನಸ್ಸಿಲ್ಲದೆ ಹಿಂದಕ್ಕೆ ಎಳೆಯುವ ಭಾವ ಅದರಲ್ಲಿದೆ. ಹಿಂಜಗ್ಗಿನ ಸುತ್ತು, ಹಿಂಜಗ್ಗಿನ ನಷ್ಟ ಅಂತ ಜೋಡಿಸಲೂ ಬರುತ್ತದೆ. ಥರ್ಮೋಸ್ಟಾಟ್‌ಗೆ ಮಾತ್ರ ಅಷ್ಟು ಹೊಂದುವುದಿಲ್ಲ. ಅಲ್ಲಿ ಸುಮ್ನೆ 'ಆನ್-ಆಫ್ ಅಂತರ' ಅಂದರೆ ಸಾಕು.

ಬಗ್ಗಿಸಿ ಬಿಟ್ಟ ಮೇಲೆ ಪೂರ್ತಿ ಮೊದಲಿನಂತಾಗದ ತಗಡಿಗೆ, ತಂತಿಗೆ ಕಮ್ಮಾರರು, ಫಿಟ್ಟರುಗಳು ಏನಾದರೂ ಮಾತು ಬಳಸುವುದನ್ನು ಕೇಳಿದ್ದೀರಾ?