ಅತ್ತೆ ಮಾವ ಆರು ತಿಂಗಳಿಗೆ ಬರುತ್ತಿದ್ದಾರೆ: ನೆಕ್ಸ್ ಪ್ಲೇಗ್ರೌಂಡ್ ಕೊಳ್ಳಬಹುದೇ?

ದಾವಣಗೆರೆ ಸೊಸೆ

ನಾವು ಇರುವುದು ಮಿಷಿಗನ್‌ನ ನೋವೈಯಲ್ಲಿ. ನವೆಂಬರ್ ಮೊದಲ ವಾರ ಅತ್ತೆ ಮಾವ ಊರಿನಿಂದ ಬರುತ್ತಾರೆ. ಬೇಸಿಗೆಗೆ ಕರೆಸೋಣ ಎಂದು ನಾನು ಹೇಳುತ್ತಲೇ ಇದ್ದೆ. ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ನಮ್ಮವರು ಹಿಮ ಬೀಳುವ ಕಾಲಕ್ಕೇ ತೆಗೆದುಬಿಟ್ಟರು. ಮಾವನವರು ದಾವಣಗೆರೆಯಲ್ಲಿ ಇಂದಿಗೂ ಬೆಳಿಗ್ಗೆ ಆರಕ್ಕೆ ಶಟಲ್ ಆಡಲು ಹೋಗುವವರು. ಅವರನ್ನು ಆರು ತಿಂಗಳು ಹಾಲ್‌ನಲ್ಲಿ ಕೂರಿಸಿದರೆ ಏನಾಗುತ್ತದೆಂದು ಹೋದ ಸಲ ನೋಡಿದ್ದೇನೆ: ದಿನಕ್ಕೆ ಮೂರು ಸಲ ಥರ್ಮೋಸ್ಟಾಟ್ ತಿರುಗಿಸುತ್ತಿದ್ದರು. ಅತ್ತೆಯವರಿಗೆ ಒಂದು ಮಂಡಿ ಬದಲಾಯಿಸಿದೆ. ಮಕ್ಕಳಿಗೆ ಐದು ಮತ್ತು ಒಂಬತ್ತು ವರ್ಷ.

ಮಗಳ ಗೆಳತಿಯ ಮನೆಯಲ್ಲಿ ನೆಕ್ಸ್ ಪ್ಲೇಗ್ರೌಂಡ್ ಎಂಬ ಪೆಟ್ಟಿಗೆ ನೋಡಿದೆ. ಪೆಟ್ಟಿಗೆ ಎನ್ನುವುದೂ ಹೆಚ್ಚಾಯಿತು, ಅಂಗೈಯಲ್ಲಿ ಕೂರುವ ಘನ. ಟಿವಿಯ ಕೆಳಗಿಟ್ಟು ಎಚ್‌ಡಿಎಂಐ ತಂತಿ ಸಿಕ್ಕಿಸಿದರೆ ಅದರ ಕ್ಯಾಮೆರಾ ನಮ್ಮ ಮೈಕೈಯನ್ನೇ ನೋಡಿ ಆಟ ಆಡಿಸುತ್ತದೆ. ಆಡುವಾಗ ಕೈಯಲ್ಲಿ ಹಿಡಿಯಲು ಏನೂ ಇಲ್ಲ. ರಿಮೋಟ್ ಕೊಟ್ಟರೆ ಉಲ್ಟಾ ಹಿಡಿಯುವ ಅತ್ತೆಯವರಿಗೆ ಇದೇ ಸರಿ ಎನ್ನಿಸಿತು.

ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ನಾನು ನೋಡಿದಾಗ ಪೆಟ್ಟಿಗೆಗೆ 249 ಡಾಲರ್ ಇತ್ತು, ಅದರೊಡನೆ ಬರುವುದು ಐದೇ ಆಟ. ಉಳಿದದ್ದಕ್ಕೆ ಚಂದಾ: ಮೂರು ತಿಂಗಳಿಗೆ 49, ವರ್ಷಕ್ಕೆ 89. ಅತ್ತೆ ಮಾವ ಇರುವ ಆರು ತಿಂಗಳಿಗೆ ಎರಡು ಸಲ ಕಟ್ಟಿದರೆ 98 ಆಗುತ್ತದೆ, ಅಂದರೆ ವರ್ಷದ ಚಂದಾಗಿಂತ ಒಂಬತ್ತು ಡಾಲರ್ ಹೆಚ್ಚು! ನಮ್ಮವರ ಪ್ರಕಾರ ಕೊಳ್ಳುವುದಾದರೆ ನಾಲ್ಕು ಜನಕ್ಕೆ ಗೊತ್ತಿರುವ ನಿಂಟೆಂಡೊ ಕಂಪನಿಯ ಆಟದ ಯಂತ್ರ ಸ್ವಿಚ್ ಕೊಳ್ಳಬೇಕು, ಈ ಹೆಸರು ಕೇಳದ ಕಂಪನಿ ನಾಳೆ ಬಾಗಿಲು ಹಾಕಿದರೆ ಪೆಟ್ಟಿಗೆಯನ್ನು ಪೇಪರ್‌ವೇಟ್ ಮಾಡಿಕೊಳ್ಳಬೇಕಾಗುತ್ತದೆ. ವ್ಯಾಯಾಮವಾಗುತ್ತದೆ ಎಂದು ನಾನು ವಾದಿಸುವ ಹಾಗೂ ಇಲ್ಲ. ಅದೇ ವಾದ ಹೂಡಿ ಅವರು ತಂದ ಟ್ರೆಡ್‌ಮಿಲ್ ಮೇಲೆ ಎರಡು ವರ್ಷದಿಂದ ನಾನು ಬಟ್ಟೆ ಒಣಗಿಸುತ್ತಿದ್ದೇನೆ.

ಚೌಕಾಬಾರ ಆಡಿಸಿ ಎಂದು ಬರೆಯಲಿರುವವರಿಗೆ: ಆಡುತ್ತೇವೆ. ಆರು ಕವಡೆಗಳಲ್ಲಿ ಎರಡು ಸೋಫಾ ಕೆಳಗೆ ಸೇರಿವೆ.

ಮನೆಯಲ್ಲಿ ಇಟ್ಟುಕೊಂಡಿರುವವರು ಹೇಳಿ. ಎಷ್ಟು ದಿನ ಆಡಿದಿರಿ? ವಾಪಸ್ ಹೋಗುವಾಗ ಅವರ ಜೊತೆಯೇ ಊರಿಗೆ ಕಳುಹಿಸಬಹುದೇ?

ಎರಡನೇ ಮಹಡಿ

ನಮ್ಮಲ್ಲಿ ಇದೆ, ನ್ಯೂಜೆರ್ಸಿಯ ಅಪಾರ್ಟ್‌ಮೆಂಟಿನಲ್ಲಿ. ಒಂದೂವರೆ ವರ್ಷವಾಯಿತು.

ಮೊದಲು ಟೇಪು ತೆಗೆದುಕೊಂಡು ಹಾಲ್ ಅಳೆಯಿರಿ. ಟಿವಿಯಿಂದ ಆರೇಳು ಅಡಿ ಹಿಂದೆ ನಿಲ್ಲಬೇಕು, ನಿಂತ ಮೇಲೆ ಎರಡೂ ಕೈ ಚಾಚಲು ಜಾಗ ಬೇಕು. ಒಂದೇ ಸಲಕ್ಕೆ ನಾಲ್ವರವರೆಗೆ ಆಡಬಹುದು ಎನ್ನುವುದು ನಿಜ. ಆದರೆ ನಾಲ್ವರೂ ಪಕ್ಕಪಕ್ಕ ನಿಲ್ಲುವಷ್ಟು ಹಾಲ್ ನಮ್ಮದಲ್ಲ. ಪ್ರತಿ ಸಲ ಟೀಪಾಯಿಯನ್ನು ಅಡುಗೆಮನೆ ಬಾಗಿಲಿಗೆ ತಳ್ಳುತ್ತೇವೆ, ಆಮೇಲೆ ಕಾಫಿ ತರುವವರು ಅದನ್ನು ದಾಟಿ ಬರಬೇಕು.

ಕೇಳಿದಿರಲ್ಲ, ಎಷ್ಟು ದಿನ ಎಂದು. ಮೊದಲ ತಿಂಗಳು ದಿನವೂ ಆಡಿದೆವು. ಎರಡನೇ ತಿಂಗಳು ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು, ಅವರ ದೀಪ ಅಲುಗಾಡುತ್ತಿತ್ತಂತೆ. ಅಂದಿನಿಂದ ಎಗರುವ ಆಟಗಳೆಲ್ಲ ಬಂದ್. ಈಗ ವಾರಕ್ಕೆ ಎರಡು ಮೂರು ದಿನ, ಮಳೆ ಹಿಮ ಇದ್ದರೆ ಹೆಚ್ಚು. ನಿಮ್ಮದು ನೆಲಮಹಡಿಯಾದರೆ ಪುಣ್ಯವಂತರು.

ಅಮ್ಮ ಬಂದಿದ್ದಾಗ ನಡೆದದ್ದನ್ನು ಹೇಳಿದರೆ ನಿಮಗೆ ಉಪಯೋಗವಾದೀತು. ಮೊದಲ ವಾರ ಅವರು ಹತ್ತಿರವೇ ಸುಳಿಯಲಿಲ್ಲ, ‘ಅದು ನನ್ನನ್ನು ನೋಡುತ್ತದೆಯೇ?’ ಎಂದು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಮಸೂರದ ಮೇಲೆ ಅಯಸ್ಕಾಂತದ ಮುಚ್ಚಳವೊಂದು ಬರುತ್ತದೆ, ಆಟ ಮುಗಿದ ಮೇಲೆ ಅದನ್ನು ಮುಚ್ಚುವ ಕೆಲಸವನ್ನು ಅವರಿಗೇ ವಹಿಸಿದೆ. ದೇವರ ಮನೆ ಬಾಗಿಲು ಹಾಕಿದಷ್ಟೇ ನಿಷ್ಠೆಯಿಂದ ಮಾಡಿದರು. ಚಿತ್ರ ಯಂತ್ರದೊಳಗೇ ಸಂಸ್ಕರಣೆಯಾಗುತ್ತದೆ, ಹೊರಗೆ ಹೋಗುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಅಮ್ಮನ ನಂಬಿಕೆ ಮಾತ್ರ ಮುಚ್ಚಳದ ಮೇಲೆ.

ಒಂದು ಮಧ್ಯಾಹ್ನ ಊಟದ ಮೇಜಿನ ಕುರ್ಚಿ ಎಳೆದುಕೊಂಡು ಕುಳಿತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಫ್ರೂಟ್ ನಿಂಜಾದಲ್ಲಿ ಹಣ್ಣು ಕತ್ತರಿಸತೊಡಗಿದರು. ಮಕ್ಕಳು ಬಡಿದಾಡುವ ಹಾಗೆ ಕೈ ಬೀಸುತ್ತಾರೆ, ಅಮ್ಮ ಈಳಿಗೆಮಣೆ ಮುಂದೆ ಕುಳಿತವರಂತೆ ಸಣ್ಣಗೆ, ಒಂದೊಂದಾಗಿ. ಬಾಂಬು ಬಂದರೆ ಕೈಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಮೊಮ್ಮಗನಿಗಿಂತ ಹೆಚ್ಚು ಅಂಕ ಬಂದ ದಿನ ಊರಿಗೆ ಫೋನ್ ಮಾಡಿ ಹೇಳಿದರು. ನಿಮ್ಮ ಅತ್ತೆಯವರ ಮಂಡಿಗೆ ಇಂಥ ಆಟ ಅಡ್ಡಿಯಿಲ್ಲ ಎನ್ನಿಸುತ್ತದೆ, ಆದರೂ ಡಾಕ್ಟರನ್ನು ಒಂದು ಮಾತು ಕೇಳಿ.

ಚಂದಾ ವಿಷಯದಲ್ಲಿ ನಿಮ್ಮ ಲೆಕ್ಕವೇ ನನ್ನದೂ. ಬೇಕಾದ ಒಂದು ಆಟವನ್ನು ಬಿಡಿಯಾಗಿ ಕೊಳ್ಳುವ ದಾರಿ ಇಲ್ಲ, ಅದು ನನಗೆ ಇಂದಿಗೂ ಸಿಟ್ಟಿನ ವಿಷಯ. ನಾನು ವರ್ಷದ್ದನ್ನು ಒಮ್ಮೆ ಕಟ್ಟಿದೆ, ಎರಡನೇ ಸಲ ಕಟ್ಟಲಿಲ್ಲ. ಐದು ಆಟದಲ್ಲೇ ನಡೆಯುತ್ತಿದೆ.

ಹಳೆಕ್ಯಾಸೆಟ್

ನಿಮ್ಮ ಯಜಮಾನರ ಭಯಕ್ಕೆ ಆಧಾರವಿದೆ. ನನ್ನ ಅಟ್ಟದ ಮೇಲೆ ಸತ್ತ ಯಂತ್ರಗಳ ಒಂದು ಪೆಟ್ಟಿಗೆಯೇ ಇದೆ, ಹಾಗಾಗಿ ಮಾತನಾಡುವ ಹಕ್ಕು ಇದೆ ಎಂದುಕೊಳ್ಳುತ್ತೇನೆ.

ಔಯಾ ಎಂಬ ಟಿವಿ ಆಟದ ಯಂತ್ರವನ್ನು ನೆನಪಿಸಿಕೊಳ್ಳಿ. 2012ರಲ್ಲಿ ಜನರಿಂದ ಮುಂಗಡ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 85 ಲಕ್ಷ ಡಾಲರಿಗಿಂತ ಹೆಚ್ಚು ಎತ್ತಿತು, 2013ರಲ್ಲಿ 99 ಡಾಲರಿಗೆ ಅಂಗಡಿಗೆ ಬಂತು, 2019ರ ಜೂನ್‌ನಲ್ಲಿ ಅದರ ಆನ್‌ಲೈನ್ ಅಂಗಡಿ ಮುಚ್ಚಿತು. ಇಂಟೆಲಿವಿಷನ್ ಅಮಿಕೊ ಎಂಬ ಯಂತ್ರದ ಕಥೆ ಇನ್ನೂ ಮೇಲು: ಇಡೀ ಕುಟುಂಬಕ್ಕೆಂದೇ 2018ರಲ್ಲಿ ಘೋಷಿಸಿದರು, 2020ರ ಅಕ್ಟೋಬರ್‌ಗೆ ಬರುತ್ತದೆಂದರು, ಆಮೇಲೆ ಮುಂದೂಡುತ್ತಲೇ ಹೋದರು, ಅಂಗಡಿಗೆ ಬರಲೇ ಇಲ್ಲ. ಮುಂಗಡ ಕೊಟ್ಟವರು ಕಾದದ್ದೇ ಬಂತು.

ಆದರೆ ದೊಡ್ಡ ಹೆಸರಿದ್ದರೆ ಉಳಿಯುತ್ತದೆ ಎನ್ನುವುದೂ ಭ್ರಮೆ. ಮೈ ನೋಡಿ ಆಡಿಸುವ ಕ್ಯಾಮೆರಾವನ್ನು ಮೈಕ್ರೋಸಾಫ್ಟ್ 2010ರಲ್ಲೇ ಕಿನೆಕ್ಟ್ ಎಂದು ತಂದಿತ್ತು, 2017ರಲ್ಲಿ ತಯಾರಿಕೆ ನಿಲ್ಲಿಸಿತು. ನಿಂಟೆಂಡೊದ ಹಳೆಯ ಯಂತ್ರ ವೀ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತು. ಅದರ ಆನ್‌ಲೈನ್ ಅಂಗಡಿಯೂ 2019ರಲ್ಲಿ ಮುಚ್ಚಿತು. ವ್ಯತ್ಯಾಸ ಇಷ್ಟೇ, ವೀ ಡಿಸ್ಕ್ ಈಗಲೂ ಓಡುತ್ತದೆ. ನಮ್ಮ ಮೈಸೂರಿನ ಮನೆಯಲ್ಲಿ ಹೋದ ಭಾನುವಾರವೂ ಬೌಲಿಂಗ್ ಆಡಿದೆವು.

ಹಾಗಾಗಿ ಕಂಪನಿ ಬದುಕುತ್ತದೆಯೇ ಎನ್ನುವುದಕ್ಕಿಂತ, ಅದು ಸತ್ತ ಮರುದಿನ ನಿಮ್ಮ ಹಾಲ್‌ನಲ್ಲಿ ಏನು ಉಳಿಯುತ್ತದೆ ಎಂದು ಕೇಳಿ. ಎವರ್‌ಕೇಡ್ ಎಂಬ ಸಣ್ಣ ಕಂಪನಿಯ ಯಂತ್ರ ನನಗೆ ಇಷ್ಟವಾದದ್ದು ಅದಕ್ಕೇ. ಹಳೆಯ ಆಟಗಳನ್ನು ಕಾರ್ಟ್ರಿಜ್‌ನಲ್ಲೇ ಕೊಡುತ್ತಾರೆ, ಸಿಕ್ಕಿಸಿದರೆ ಆಟ. ಎವರ್‌ಕೇಡ್ ವಿಎಸ್ ಎಂಬುದನ್ನು ಟಿವಿಗೆ ಜೋಡಿಸಿ ನಾಲ್ವರು ಆಡಬಹುದು. ಆದರೆ ನಿಮ್ಮ ಅತ್ತೆಯವರ ಕೈಗೆ ಗುಂಡಿಗಳಿರುವ ಕಂಟ್ರೋಲರ್ ಕೊಟ್ಟಂತಾಯಿತು, ನಿಮ್ಮ ಉದ್ದೇಶ ಅದಲ್ಲ. ಪ್ಲೇಡೇಟ್ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಹಳದಿ ಬಣ್ಣ, ಪಕ್ಕದಲ್ಲಿ ತಿರುಗಿಸುವ ಹಿಡಿ, ನೋಡಲು ಬಲು ಮುದ್ದು. ಆದರೆ ಅಂಗೈಯಗಲದ ಕಪ್ಪುಬಿಳುಪಿನ ಪರದೆ, ಒಬ್ಬರ ಜೇಬಿಗೆ ಸರಿ.

ವಿಷಯದಿಂದ ಸ್ವಲ್ಪ ಆಚೆ: ತೊಂಬತ್ತರ ದಶಕದಲ್ಲಿ ನಮ್ಮಲ್ಲಿದ್ದದ್ದು ಹೆಸರಿಲ್ಲದ ಟಿವಿ ಗೇಮ್. ‘9999 ಆಟಗಳು’ ಎಂದು ಬರೆದ ಕ್ಯಾಸೆಟ್, ಎಣಿಸಿದರೆ ಏಳೆಂಟು. ಓಡದಿದ್ದರೆ ತೆಗೆದು ಊದಿ ಹಾಕುವುದು. ಬಾತುಕೋಳಿ ಹೊಡೆಯುವ ಗನ್ ಇತ್ತು. ಆಫೀಸಿನಿಂದ ಬಂದ ಅಪ್ಪ ಬೂಟು ಬಿಚ್ಚುವ ಮೊದಲೇ ಗನ್ನಿನ ತುದಿಯನ್ನು ಟಿವಿ ಗಾಜಿಗೆ ತಾಗಿಸಿ ಹೊಡೆಯುತ್ತಿದ್ದರು, ಇದು ಮೋಸ ಎಂದರೆ ಕೇಳುತ್ತಿರಲಿಲ್ಲ. ಆ ಗನ್ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಎಲ್‌ಇಡಿ ಬಂದ ಮೇಲೆ ಅದೂ ಅಟ್ಟಕ್ಕೆ ಹೋಯಿತು. ಎರಡೇ ವರ್ಷ ಬಾಳಿದ ಯಂತ್ರ. ಅದಕ್ಕೆ ಹಾಕಿದ ದುಡ್ಡು ದಂಡವಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.

ಸ್ಮ್ಯಾಶ್

ಮಾವನವರು ಶಟಲ್ ಆಟಗಾರರು ಎಂದಿರಿ. ಸ್ವಿಚ್‌ನಲ್ಲಿ ಆಡುವ ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್ ಎಂಬ ಆಟದಲ್ಲಿ ಬ್ಯಾಡ್ಮಿಂಟನ್ನೇ ಇದೆ! ಕೈಯಲ್ಲಿ ಹಿಡಿದು ಬೀಸುವುದೇ, ಹೆಚ್ಚು ಗುಂಡಿ ಒತ್ತುವುದಿಲ್ಲ. ಕಾರ್ಟ್ರಿಜ್ ಸಿಗುತ್ತದೆ, ಬೇಸರವಾದರೆ ಮಾರಬಹುದು, ಚಂದಾ ಬೇಡ. ಹೊಸ ಮಾದರಿ ಸ್ವಿಚ್ 2ಕ್ಕೆ 2025ರಲ್ಲಿ ಬಂದಾಗ 450 ಡಾಲರ್ ಇತ್ತು, ನಿಜ. ಆದರೆ ನಿಮ್ಮ ಘನಕ್ಕೆ ಮೂರು ವರ್ಷ ಚಂದಾ ಕಟ್ಟಿ ನೋಡಿ, 516 ಆಗುತ್ತದೆ. ಹಳೆಯ ಸ್ವಿಚ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ವಿಚ್ ಲೈಟ್ ಎಂಬ ಮಾದರಿ ಮಾತ್ರ ತೆಗೆದುಕೊಳ್ಳಬೇಡಿ, ಅದನ್ನು ಟಿವಿಗೆ ಜೋಡಿಸಲು ಬರುವುದಿಲ್ಲ.

ಮಣಿಕಟ್ಟಿಗೆ ಪಟ್ಟಿ ಹಾಕಿಕೊಳ್ಳಲು ಮಾವನವರಿಗೆ ಹೇಳಿ. ಸ್ಮ್ಯಾಶ್ ಹೊಡೆಯುವವರ ಕೈ ನನಗೆ ಗೊತ್ತು. ನಮ್ಮ ಟಿವಿಯ ಎಡಮೂಲೆಯಲ್ಲಿ ಇಂದಿಗೂ ಜೇಡರ ಬಲೆಯಂತೆ ಒಂದು ಬಿರುಕು ಇದೆ. ತಪ್ಪು ನನ್ನದೇ, ಪಟ್ಟಿ ಹಾಕಿರಲಿಲ್ಲ.

ಮಲ್ಲೇಶ್ವರದ ಅಕ್ಕ

ಊರಿಗೆ ಕಳುಹಿಸುವ ಯೋಚನೆ ಬಿಡಿ. ಆ ಘನವನ್ನು ಭಾರತದಲ್ಲಿ ಮಾರುವುದೇ ಇಲ್ಲ, ಕೆಟ್ಟರೆ ಯಾರ ಹತ್ತಿರ ಒಯ್ಯುತ್ತಾರೆ? ನಿಂಟೆಂಡೊದ್ದೂ ಇಲ್ಲಿ ಬಹುತೇಕ ಆಮದು ಮಾಲು, ಆದರೆ ಅದನ್ನು ಬಿಚ್ಚಿ ನೋಡುವ ಹುಡುಗರು ಬೆಂಗಳೂರಿನಲ್ಲಿ ಸಿಗುತ್ತಾರೆ.

ಇನ್ನೊಂದು ಮಾತು. ಅಮೆರಿಕದ ಕೆಲವು ಸಾರ್ವಜನಿಕ ಗ್ರಂಥಾಲಯಗಳು ಆಟದ ಯಂತ್ರಗಳನ್ನೂ ಎರವಲು ಕೊಡುತ್ತವೆ. ತಂಗಿಯ ಮನೆಗೆ ಬಂದಿದ್ದಾಗ ನಾವು ಹಾಗೆಯೇ ತಂದು ಆಡಿದ್ದೆವು. ನಿಮ್ಮೂರಿನಲ್ಲಿ ಕೇಳಿ ನೋಡಿ.

ದಾವಣಗೆರೆ ಸೊಸೆ

ಎಲ್ಲರಿಗೂ ಧನ್ಯವಾದ. ಗ್ರಂಥಾಲಯಕ್ಕೆ ಫೋನ್ ಮಾಡಿದೆ, ನಮ್ಮಲ್ಲಿ ಇಲ್ಲವಂತೆ.

ನಿನ್ನೆ ರಾತ್ರಿ ಮಾವನವರಿಗೇ ವಿಡಿಯೊ ಕರೆ ಮಾಡಿ ಕೇಳಿದೆ. ಬ್ಯಾಡ್ಮಿಂಟನ್ ಆಟದ ತುಣುಕು ತೋರಿಸಿದರೆ ‘ಗ್ರಿಪ್ ತಪ್ಪು’ ಎಂದು ಫೋನ್ ಅತ್ತೆಯವರ ಕೈಗೆ ಕೊಟ್ಟರು. ಅತ್ತೆಯವರು ಹಣ್ಣು ಕತ್ತರಿಸುವುದನ್ನು ಎರಡು ಸಲ ನೋಡಿದರು, ಏನೂ ಹೇಳಲಿಲ್ಲ. ಮೂರನೇ ಸಲ ತೋರಿಸು ಎಂದರು. ನಾನು ಘನದ ಕಡೆಗೇ. ಒಂದು ವರ್ಷದ ಚಂದಾ, ಆಮೇಲೆ ಐದು ಆಟ. ಅದು ಸತ್ತರೆ ಪೇಪರ್‌ವೇಟ್, ಒಪ್ಪಿದ್ದೇನೆ. ನಮ್ಮವರಿಗೆ ಸ್ವಿಚ್ ಬೇಕಾದರೆ ಸೆಕೆಂಡ್ ಹ್ಯಾಂಡ್ ಹುಡುಕಿಕೊಳ್ಳಲಿ.

ಟೇಪು ಹಿಡಿದೆವು. ಟಿವಿಯಿಂದ ಸೋಫಾಕ್ಕೆ ಒಂಬತ್ತು ಅಡಿ ಇದೆ, ಸಾಕು. ಅಗಲವೇ ತೊಂದರೆ: ಬಲಗಡೆ ಎರಡೂವರೆ ಅಡಿ ಒಂದು ವಸ್ತು ನುಂಗಿಕೊಂಡಿದೆ, ಅದರ ಮೇಲೆ ಸದ್ಯ ನಾಲ್ಕು ಟವೆಲ್ ಮತ್ತು ಮಗನ ಸ್ವೆಟರ್ ಇವೆ. ಮಡಚುವ ಮಾದರಿ, ಹೆಚ್ಚು ಓಡಿಲ್ಲ, 120 ಡಾಲರ್. ನೋವೈ, ಕ್ಯಾಂಟನ್ ಕಡೆಯವರು ಯಾರಾದರೂ ಇದ್ದರೆ ತಿಳಿಸಿ. ಇಬ್ಬರು ಬಂದರೆ ಕಾರಿಗೆ ಎತ್ತಿಕೊಡಲು ನಮ್ಮವರು ಇದ್ದಾರೆ, ಅವರಿಗೆ ಇನ್ನೂ ಹೇಳಿಲ್ಲ.