ಮಣ್ಣಿ ಶುರುವಾದ ದಿನ ಲೆಕ್ಕ ಮುಗಿಯಿತು

ಕೇರಳದ ಕಾಸರಗೋಡು ಕಡೆಯ ಪೆರ್ಲದಿಂದ ಬರೆದ ತಂಗೀ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಆಯಿತು. ಬರೆಯಲೋ ಬೇಡವೋ ಅಂತ ನೋಡುತ್ತಿದ್ದೆ, ಯಾಕೆಂದರೆ ಈ ಗುಂಪಿನಲ್ಲಿ ನನ್ನ ಮಾವನ ಕಡೆಯವರೂ ಇದ್ದಾರೆ. ಇರಲಿ. ಎರಡು ಹೆತ್ತ ಮೇಲೆ ಇನ್ನು ಯಾರ ಹತ್ತಿರ ನಾಚಿಕೆ!

ನೀವು ಹೆರಿಗೆಗೆ ತವರಿಗೆ ಬಂದವರು. ಮಗುವಿಗೆ ಮೂರು ತಿಂಗಳು. ವೀಸಾ ಕೈಗೆ ಬಂದರೆ ಮುಂದಿನ ತಿಂಗಳು ಇಂಗ್ಲೆಂಡಿಗೆ ವಾಪಸ್. ಮತ್ತೆ ಬಸಿರಾಗದಂತೆ ಮಾತ್ರೆ ನುಂಗುವುದು ಬೇಡ ಅಂತ ಗಂಡ ಹೆಂಡತಿ ಇಬ್ಬರಿಗೂ ಇದೆ. ಹಾಲು ಕುಡಿಸುವಷ್ಟು ಕಾಲ ಏನೂ ಹೆದರಬೇಡ ಅಂತ ಅಮ್ಮ ಹೇಳುತ್ತಿದ್ದಾರೆ. ನಂಬಬಹುದಾ ಅಂತ ಕೇಳಿದ್ದೀರಿ.

ನಂಬಬಹುದು. ಆದರೆ ಅಮ್ಮ ಹೇಳಿದ್ದು ಅರ್ಧ ಮಾತು. ಉಳಿದರ್ಧ ಗೊತ್ತಿಲ್ಲದೆ ನಾನು ಕೆಟ್ಟೆ. ಕೆಟ್ಟೆ ಅಂದರೆ, ನನ್ನ ಎರಡನೆಯವಳು ಹುಟ್ಟಿದಳು. ಈಗ ಅವಳಿಲ್ಲದ ಮನೆ ಊಹಿಸಲೂ ಆಗುವುದಿಲ್ಲ, ಆ ಮಾತು ಬೇರೆ.

ಹಾಲು ಕುಡಿಸುವುದರಿಂದ ಬಸಿರು ತಡೆಯುತ್ತದೆ ಅನ್ನುವುದು ಬರೀ ಅಜ್ಜಿಯರ ಮಾತಲ್ಲ. 1988ರಲ್ಲಿ ಇಟಲಿಯ ಬೆಲ್ಲಾಜಿಯೊ ಎಂಬ ಊರಿನಲ್ಲಿ ಬೇರೆ ಬೇರೆ ದೇಶದ ತಜ್ಞರು ಕೂತು ಇದನ್ನೇ ಚರ್ಚಿಸಿ ಒಪ್ಪಿಕೊಂಡರು. ಹೀಗೆ ಹಾಲು ಕುಡಿಸುವುದನ್ನೇ ನೆಚ್ಚಿ ಬಸಿರು ತಡೆಯುವ ವಿಧಾನವನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಲ್ಯಾಮ್ ಅಂತ ಕರೆಯುತ್ತಾರೆ. ಮಗು ಪದೇ ಪದೇ ಚೀಪುವಾಗ ತಾಯಿಯ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ತಗ್ಗುತ್ತದೆ, ಅಂಡ ಬಿಡುಗಡೆ ಆಗುವುದಿಲ್ಲ. ಸರಿಯಾಗಿ ಪಾಲಿಸಿದರೆ ಮೊದಲ ಆರು ತಿಂಗಳಲ್ಲಿ ನೂರು ತಾಯಂದಿರಲ್ಲಿ ಬಸಿರಾಗುವವರು ಹೆಚ್ಚೆಂದರೆ ಇಬ್ಬರು. ಮಾತ್ರೆಗೇನೂ ಕಮ್ಮಿ ಇಲ್ಲ.

ಆದರೆ "ಸರಿಯಾಗಿ" ಅನ್ನುವಲ್ಲಿ ಇದೆ ಗಮ್ಮತ್ತು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಹೆರಿಗೆಯ ನಂತರ ಮುಟ್ಟು ಮರಳಿ ಬಂದಿರಬಾರದು. ಮಗು ಎದೆಹಾಲನ್ನೇ ಕುಡಿಯುತ್ತಿರಬೇಕು, ಹಗಲು ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಜಾಸ್ತಿ ಬಿಡುವು ಕೊಡದೆ. ಮೂರೂ ಒಟ್ಟಿಗೆ ಇರಬೇಕು. ಒಂದು ತಪ್ಪಿದ ದಿನವೇ ಲೆಕ್ಕ ಮುಗಿಯಿತು. "ಇನ್ನೆರಡು ಸರಿ ಇದೆಯಲ್ಲ" ಅನ್ನುವ ಹಾಗಿಲ್ಲ.

ಹೆರಿಗೆಯಾದ ಮೊದಲ ಎಂಟು ವಾರದ ರಕ್ತ ಮುಟ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಅದರ ನಂತರ ಸತತ ಎರಡು ದಿನ ಕಂಡರೆ ಮುಟ್ಟು ಅಂತಲೇ ಹಿಡಿಯಬೇಕು. ಹಾಲೇ ಕುಡಿಸದ ತಾಯಿಗಂತೂ ಈ ರಕ್ಷಣೆ ಇಲ್ಲವೇ ಇಲ್ಲ. ಅವರಿಗೆ ಹೆರಿಗೆಯಾಗಿ 21ನೇ ದಿನದಿಂದಲೇ ಬೇರೆ ದಾರಿ ಬೇಕು ಅಂತ ಇಂಗ್ಲೆಂಡಿನ ವೈದ್ಯರು ಹೇಳುತ್ತಾರೆ.

ಮೇಲೆ ಒಬ್ಬ ಅಣ್ಣ ಬರೆದಿದ್ದಾರೆ: ನಮ್ಮ ಅಜ್ಜಿಗೆ ಒಂಬತ್ತು ಮಕ್ಕಳು, ಎಲ್ಲರ ನಡುವೆ ಎರಡೆರಡೂವರೆ ವರ್ಷ ಅಂತರ, ಯಾವ ಮಾತ್ರೆ ನುಂಗಿದ್ದರು ಅಂತ. ಅಣ್ಣಾ, ನಿಮ್ಮ ಅಜ್ಜಿ ಚಾಪೆಯಲ್ಲಿ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದವರು. ರಾತ್ರಿ ಎಷ್ಟು ಸಲ ಕುಡಿಯಿತು ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಮಗು ನಡೆಯುವವರೆಗೂ ಹಾಲು ಬಿಡಿಸಿದ್ದಿಲ್ಲ. ಇನ್ನೊಂದು ಮಾತನ್ನು ನೀವು ಮರೆತಿದ್ದೀರಿ. ಬಾಣಂತನ ಅಂತ ಅಜ್ಜಿ ತಿಂಗಳುಗಟ್ಟಲೆ ತವರಲ್ಲಿ, ಅಜ್ಜ ಇಲ್ಲಿ ಅಡಿಕೆ ತೋಟದಲ್ಲಿ! ಅರ್ಧ ಕುಟುಂಬ ಯೋಜನೆ ಹಾಲಿನದು, ಅರ್ಧ ದೂರದ್ದು.

ತಂಗೀ, ನಿಮಗೂ ಈಗ ಇದೇ ಪರಿಸ್ಥಿತಿ. ಗಂಡ ಅಲ್ಲಿ ಇಂಗ್ಲೆಂಡಿನಲ್ಲಿ, ನೀವು ಇಲ್ಲಿ ತವರಲ್ಲಿ. ನಿಮಗೆ ಪ್ರಶ್ನೆ ನಿಜವಾಗಿ ಶುರುವಾಗುವುದು ವಿಮಾನ ಇಳಿದ ದಿನ. ಆಗ ಮಗುವಿಗೆ ನಾಲ್ಕು ತಿಂಗಳು. ಅಂದರೆ ಲ್ಯಾಮ್ ನಿಮಗೆ ಉಪಯೋಗಕ್ಕೆ ಬರುವುದು ಎಂಟೊಂಬತ್ತು ವಾರ. ಅಷ್ಟೇ.

ಆ ಎಂಟೊಂಬತ್ತು ವಾರವೂ ಅಲ್ಲಿಯ ಜೀವನದಲ್ಲಿ ಉಳಿಯುವುದು ಕಷ್ಟ. ಇಲ್ಲಿ ನಿಮ್ಮನ್ನು ಮೀಯಿಸುವವರು ಒಬ್ಬರು, ಮಗುವನ್ನು ಮೀಯಿಸುವವರು ಇನ್ನೊಬ್ಬರು. ನಿಮಗೆ ಕುಡಿಸುವುದೊಂದೇ ಕೆಲಸ. ಅಲ್ಲಿ ಹೋದ ಮೇಲೆ ಗಂಡ ಪಾಪ ಒಳ್ಳೆಯ ಮನಸ್ಸಿನಿಂದ "ನೀನು ಮಲಗು, ರಾತ್ರಿ ಒಂದು ಬಾಟಲಿ ನಾನು ಕೊಡುತ್ತೇನೆ" ಅನ್ನುತ್ತಾನೆ. ಮಗು ಏಳು ಗಂಟೆ ಒಂದೇ ಸಮ ಮಲಗಿದರೆ ಮನೆಯಲ್ಲಿ ಹಬ್ಬ. ಪಂಪಿನಲ್ಲಿ ಹಾಲು ತೆಗೆದರೂ ಮಗು ಚೀಪಿದಷ್ಟು ಭರವಸೆ ಅದರಲ್ಲಿಲ್ಲ. ಇದೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿದ್ದೆ ಬೇಕು ಮಾರಾಯ್ತಿ! ಹಬ್ಬ ಮಾಡಿ, ಆದರೆ ಮೂರರಲ್ಲಿ ಒಂದು ಬಿದ್ದಿತು ಅಂತ ಬರೆದಿಟ್ಟುಕೊಳ್ಳಿ.

ನನ್ನ ಕತೆ ಹೇಳುತ್ತೇನೆ. ಮೊದಲನೆಯವನು ಹುಟ್ಟಿದ್ದು ಇಂಗ್ಲೆಂಡಿನಲ್ಲೇ, ಸಿಸೇರಿಯನ್. ಅವನಿಗೆ ನಾಲ್ಕೂವರೆ ತಿಂಗಳಾದಾಗ ಅಮ್ಮ ಬದಿಯಡ್ಕದಿಂದ ಬಂದರು. ಸೂಟ್‌ಕೇಸಿನಲ್ಲಿ ಅರ್ಧ ನನ್ನ ಲೇಹ್ಯ, ಇನ್ನರ್ಧ ರಾಗಿ ಹುಡಿ, ಕೂವೆ ಹುಡಿ. "ಮಗು ಸೊರಗಿದೆ" ಅಂತ ಮರುದಿನವೇ ಮಣ್ಣಿ, ಅಂದರೆ ಆ ಹುಡಿಯ ಗಂಜಿ, ಕಾಸಿದರು. ಮೊದಲು ಎರಡು ಚಮಚ, ಆಮೇಲೆ ದಿನಕ್ಕೆ ಮೂರು ಹೊತ್ತು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಅಂತ ಹೆಲ್ತ್ ವಿಸಿಟರ್, ಅಂದರೆ ಮನೆಗೆ ಬಂದು ಮಗುವನ್ನು ನೋಡುವ ನರ್ಸ್, ಹೇಳಿದ್ದು ನನಗೆ ನೆನಪಿತ್ತು. ಆದರೆ ಅಮ್ಮನ ಎದುರು ಬಾಯಿ ಬರಲಿಲ್ಲ. ಮಗ ಹೊಟ್ಟೆ ತುಂಬಿಸಿಕೊಂಡು ರಾತ್ರಿಯಿಡೀ ಮಲಗಿದ. ಎಂಥ ಸುಖ ಅಂತೀರಿ!

ಮುಟ್ಟು ಬಂದಿರಲಿಲ್ಲ. ಹಾಗಾಗಿ ನಾನು ನಿಶ್ಚಿಂತೆ. ಮೇಲಿಂದ ಫೋನಿನಲ್ಲಿ ಮುಟ್ಟಿನ ದಿನ ಎಣಿಸುವ ಒಂದು ಆ್ಯಪ್ ಬೇರೆ ಹಾಕಿಕೊಂಡಿದ್ದೆ. ಹೆರಿಗೆಯ ಐದನೇ ವಾರ ನಿಂತಂತಾಗಿ ಮತ್ತೆ ಶುರುವಾದ ರಕ್ತವನ್ನು ನಾನು ಮುಟ್ಟು ಅಂತ ಅದಕ್ಕೆ ತುಂಬಿಸಿದ್ದೆ. ಅದು ಪಾಪ ಅಲ್ಲಿಂದ 28 ದಿನ ಎಣಿಸುತ್ತಾ ಹೆದರಿಕೆ ಇಲ್ಲದ ದಿನಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು ತೋರಿಸುತ್ತಾ ಹೋಯಿತು. ಇಲ್ಲದ ಮುಟ್ಟಿನ ಲೆಕ್ಕ! ಮಗನಿಗೆ ಎಂಟು ತಿಂಗಳಾದಾಗ ಬೆಳಗ್ಗೆ ವಾಕರಿಕೆ. ಪಿತ್ತ ಅಂತ ಅಮ್ಮ ಫೋನಿನಲ್ಲೇ ಜೀರಿಗೆ ಕಷಾಯ ಹೇಳಿದರು. ಪಿತ್ತ ಅಲ್ಲ.

ನನ್ನ ಎರಡು ಮಕ್ಕಳ ನಡುವೆ ನನಗೆ ಒಮ್ಮೆಯೂ ಮುಟ್ಟಾಗಿಲ್ಲ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಆದರೆ ಅಂಡ ಬರುವುದು ಮೊದಲು, ಮುಟ್ಟು ಬರುವುದು ಅದರ ಎರಡು ವಾರ ನಂತರ. ಮೊದಲ ಅಂಡದಲ್ಲೇ ಬಸಿರಾದರೆ ಮುಟ್ಟು ಬರುವುದು ಎಲ್ಲಿಂದ? ಆರು ತಿಂಗಳೊಳಗೆ ಬರುವ ಮೊದಲ ಮುಟ್ಟು ಎಷ್ಟೋ ಸಲ ಅಂಡ ಇಲ್ಲದ್ದೇ ಆಗಿರುತ್ತದೆ. ತಿಂಗಳು ಕಳೆದ ಹಾಗೆ ಮುಟ್ಟಿಗೆ ಮೊದಲೇ ಅಂಡ ಬರುವುದು ಜಾಸ್ತಿ. ಆರು ತಿಂಗಳ ಗಡಿ ಇಟ್ಟದ್ದು ಸುಮ್ನೆ ಅಲ್ಲ.

ಒಂದು ವಿಚಿತ್ರ ನೋಡಿ. ನಮ್ಮಲ್ಲಿ ಅನ್ನಪ್ರಾಶನ ಇಡುವುದೂ ಆರನೇ ತಿಂಗಳಿಗೇ. ಮಗುವಿನ ಬಾಯಿಗೆ ಪಾಯಸ ಹೋದ ದಿನವೇ ತಾಯಿಯ ಲ್ಯಾಮ್ ಮುಗಿಯಿತು ಅಂತ ಇಟ್ಟುಕೊಂಡರೆ ನೆನಪಿಗೆ ಸುಲಭ. ಅಮ್ಮನಿಗೆ ಮಣ್ಣಿ ತಡ ಮಾಡಿಸಲೂ ಇದು ಒಳ್ಳೆಯ ನೆಪ.

ಲ್ಯಾಮ್ ಮುಗಿದ ಮೇಲೆ, ಬಸಿರಾಗಬಹುದಾದ ದಿನ ಎಣಿಸಿ ಆಗ ಮಾತ್ರ ದೂರ ಇದ್ದು ನಡೆಸಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಈ ಎಣಿಕೆಗೆ ನಮ್ಮ ಕನ್ನಡ ನಾಡಿನಲ್ಲೇ ಹಳೆಯ ಕತೆ ಇದೆ. 1952ರಲ್ಲಿ ಭಾರತ ಕುಟುಂಬ ಯೋಜನೆ ಶುರು ಮಾಡಿದಾಗ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರಿಗೆ ದಿನ ಎಣಿಸುವ ವಿಧಾನದ ಮೇಲೆಯೇ ಒಲವು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋದಿ ಕಾಲೊನಿಯಲ್ಲೂ ಮೈಸೂರು ರಾಜ್ಯದ ರಾಮನಗರದಲ್ಲೂ ಪ್ರಯೋಗ ನಡೆಯಿತು. ಲೆಕ್ಕ ತಪ್ಪದಿರಲಿ ಅಂತ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟರು. ಅದು ಹೆಚ್ಚು ದೂರ ಹೋಗಲಿಲ್ಲ, ಸರಕಾರ ಬೇರೆ ದಾರಿ ಹಿಡಿಯಿತು. ಆಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಹೊಸ ಲೆಕ್ಕದೊಂದಿಗೆ ಮಣಿಸರವನ್ನೇ ಮತ್ತೆ ತಂದರು. ಮುಟ್ಟು ಶುರುವಾದ ದಿನವನ್ನು ಒಂದು ಅಂತ ಎಣಿಸಿ 8ನೇ ದಿನದಿಂದ 19ರವರೆಗೆ ದೂರ ಇರಬೇಕು. ಮುಟ್ಟಿನ ಚಕ್ರ 26ರಿಂದ 32 ದಿನದೊಳಗೆ ಬರುವವರಿಗೆ ಮಾತ್ರ ಇದು ಹೊಂದುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ವರ್ಷಕ್ಕೆ ನೂರರಲ್ಲಿ ಐವರು, ನಾವು ಸಾಮಾನ್ಯರು ಮಾಡುವ ಹಾಗೆ ಮಾಡಿದರೆ ಹನ್ನೆರಡು ಮಂದಿ ಬಸಿರಾಗುತ್ತಾರೆ. ಅದೂ ಬಾಣಂತಿ ಕೂಡಲೇ ಶುರು ಮಾಡುವ ಹಾಗಿಲ್ಲ. ಹೆರಿಗೆಯ ನಂತರ ಮೂರು ನಾಲ್ಕು ಮುಟ್ಟು ಬಂದು ಚಕ್ರ ಹದಕ್ಕೆ ಬಂದಿರಬೇಕು.

ಅಂಡ ಬಂತಾ ಅಂತ ತಿಳಿಯಲು ಬೆಳಗ್ಗೆ ಎದ್ದ ಕೂಡಲೇ ಮೈಯ ಬಿಸಿ ಅಳೆಯುವ ವಿಧಾನವೂ ಇದೆ. ರಾತ್ರಿ ಮೂರು ಸಲ ಏಳುವ ತಾಯಿಗೆ ಯಾವುದು ಬೆಳಗ್ಗೆ, ಯಾವುದು ರಾತ್ರಿ? ಬಿಳಿ ಸ್ರಾವ ನೋಡಿ ತಿಳಿಯುವುದನ್ನು ಕಲಿತವರು ಚೆನ್ನಾಗಿ ಮಾಡುತ್ತಾರೆ, ಬಿಸಿಯನ್ನೂ ಸ್ರಾವವನ್ನೂ ಸೇರಿಸಿ ನೋಡುವವರ ಫಲಿತಾಂಶ ನಿಜವಾಗಿ ಒಳ್ಳೆಯದು. ಆದರೆ ಹಾಲು ಕುಡಿಸುವಾಗ ಸ್ರಾವದ ಗುರುತು ಗೊಂದಲ ಮಾಡುತ್ತದೆ. ಹೊಸದಾಗಿ ಕಲಿಯಲು ಇದು ಕಾಲವಲ್ಲ. ಮದುವೆಯಾದ ಹೊಸತರಲ್ಲಿ ಕಲಿಯಬೇಕಿತ್ತು, ಆಗ ಯಾರಿಗೆ ಪುರುಸೊತ್ತು!

ನೀವು ಊರಲ್ಲಿರುವಾಗಲೇ ಒಮ್ಮೆ ಆಸ್ಪತ್ರೆಗೆ ಹೋಗಿ ಬನ್ನಿ ಅನ್ನುವುದು ನನ್ನ ಅಭಿಪ್ರಾಯ. ಹಾರ್ಮೋನ್ ಬೇಡ ಅಂದರೆ ಕಾಪರ್ ಟಿ ಇದೆ, ಹೆರಿಗೆಯಾಗಿ ನಾಲ್ಕು ವಾರ ಕಳೆದಿದ್ದರೆ ಹಾಕಿಸಬಹುದು. ಹಾಲಿಗೆ ಏನೂ ತೊಂದರೆ ಇಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಛಾಯಾ ಅನ್ನುವ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಲಖನೌದ ಸಂಶೋಧನಾಲಯದಲ್ಲಿ ಮಾಡಿದ್ದು, ಅದರಲ್ಲೂ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಆದರೆ ಇಂಗ್ಲೆಂಡಿನಲ್ಲಿ ಅದು ಸಿಗುವುದಿಲ್ಲ, ಶುರು ಮಾಡಿದರೆ ಮುಂದೇನು ಅಂತ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಏನೂ ಬೇಡ ಅಂದರೆ ಕಾಂಡೋಮ್ ಅಂತೂ ಇದ್ದೇ ಇದೆ. ಅಲ್ಲಿ ಹೋದ ಮೇಲೆ ಜಿಪಿ, ಅಂದರೆ ನಿಮ್ಮ ಊರಿನ ಸಾಮಾನ್ಯ ಡಾಕ್ಟರ, ಹತ್ತಿರ ಹೋದರೂ ಸರಿ, ಅಲ್ಲಿಯ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಇದಕ್ಕೆಲ್ಲ ದುಡ್ಡು ಕೊಡಬೇಕಿಲ್ಲ.

ಆಸ್ಪತ್ರೆಗೆ ಹೋಗುವಾಗ ಜೊತೆಗೆ ಮಲಯಾಳ ಚೆನ್ನಾಗಿ ಬರುವ ಒಬ್ಬ ಗೆಳತಿ ಇರಲಿ. ಕಳೆದ ಸಲ ನಾನು ಊರಿಗೆ ಬಂದಾಗ ಒಂದು ಕಡೆ ಕೊಟ್ಟ ಚೀಟಿ ಪೂರ್ತಿ ಮಲಯಾಳದಲ್ಲಿತ್ತು. ಕನ್ನಡ ಶಾಲೆಯಲ್ಲಿ ಓದಿದ ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ನನ್ನ ಸರದಿ ಮುಗಿದಿತ್ತು. ಅಂಗಡಿಯಲ್ಲಿ ಮೀನು ಕೇಳುವಷ್ಟು ಮಲಯಾಳ ನಮಗೆಲ್ಲ ಬರುತ್ತದೆ, ಮುಟ್ಟಿನ ವಿಷಯ ಕೇಳುವಷ್ಟು ಬರುವುದಿಲ್ಲ. ಕನ್ನಡದಲ್ಲಿ ಮಾತಾಡುವ ನರ್ಸ್ ಇದ್ದಾರಾ ಅಂತ ಮೊದಲೇ ಕೇಳಿ. ಎಷ್ಟೋ ಸಲ ಇರುತ್ತಾರೆ, ಕೇಳದಿದ್ದರೆ ಗೊತ್ತಾಗುವುದಿಲ್ಲ.

ಮುಂದಿನ ಬಸಿರಿಗೆ ಎರಡು ವರ್ಷವಾದರೂ ಕಾಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಿಸೇರಿಯನ್ ಗಾಯ ಮಾಗುವ ಮೊದಲೇ ಮತ್ತೆ ಬಸಿರಾದ ನನ್ನನ್ನು ನೋಡಿ ಡಾಕ್ಟರ ಮುಖ ಸಣ್ಣದಾದದ್ದು ಇನ್ನೂ ನೆನಪಿದೆ. ಎಲ್ಲ ಸುಸೂತ್ರವಾಯಿತು, ಆದರೆ ಆ ಒಂಬತ್ತು ತಿಂಗಳು ನಾನು ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ.

ನಿಮ್ಮ ಟಿಕೆಟ್ ಯಾವ ತಾರೀಕಿಗೆ, ಮಗು ಹುಟ್ಟಿದ ತಾರೀಕು ಯಾವುದು ಅಂತ ನನಗೆ ಬೇರೆಯಾಗಿ ಬರೆಯಿರಿ. ಎಷ್ಟು ವಾರ ಉಳಿಯುತ್ತದೆ ಅಂತ ಕೂತು ಲೆಕ್ಕ ಹಾಕೋಣ. ಮತ್ತೆ, ಬರುವಾಗ ಕೂವೆ ಹುಡಿ ಸಿಕ್ಕಿದರೆ ನನಗೂ ಅರ್ಧ ಕಿಲೋ ತನ್ನಿ.