ಎಂಜಿನ್ ಎಮಿಷನ್‌ಗೆ ಬರೇ ‘ಹೊಗಿ’ ಅಂದ್ರ ಸಾಕೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ಹಾವೇರಿ ಕಡೆ ಟ್ರ್ಯಾಕ್ಟರ್ ಇಟ್ಟ ರೈತರ ಸಲುವಾಗಿ ಬಯೋಡೀಸೆಲ್ ಬಗ್ಗೆ ಒಂದು ಸಣ್ಣ ಪುಸ್ತಕ ಬರ್ಯಾಕತ್ತೀನಿ, ಹೊಂಗಿ ಎಣ್ಣಿಯಿಂದ ಮಾಡೂದು, ನಮ್ಮಲ್ಲಿ ಹುಲಗಲ ಅಂತಾರಲ್ಲ ಅದ. ಅದರಾಗ ಎಕ್ಸಾಸ್ಟ್ ಎಮಿಷನ್, ಅಂದ್ರ ಎಂಜಿನ್ ಸೈಲೆನ್ಸರ್‌ನಿಂದ ಹೊರಗ ಬಿಡೋ ಗ್ಯಾಸು, ಮಸಿ ಎಲ್ಲಾ, ಅನ್ನೂದು ಮತ್ತ ಮತ್ತ ಬರತೈತಿ. ಅದಕ್ಕ ಕನ್ನಡದಾಗ ಯಾವ ಮಾತು ಬಳಸಬೇಕು ಅನ್ನೂದ ನನ್ನ ಪ್ರಶ್ನೆ.

ಹೊಗಿ ಅಂತ ಬರದ್ರ ಎಲ್ಲಾರಿಗೂ ತಿಳೀತೈತಿ ಖರೆ, ಆದ್ರ ಅರ್ಧಾನ ತಿಳೀತೈತಿ. ಅಮೆರಿಕಾದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) 2002ರಾಗ ದೊಡ್ಡ ಗಾಡಿ ಎಂಜಿನ್ ಟೆಸ್ಟ್‌ಗಳನ್ನ ಕೂಡಿಸಿ ಲೆಕ್ಕಾ ಹಾಕಿತ್ತು: ಡೀಸೆಲ್‌ಗೆ ಶೇ 20 ಸೋಯಾ ಬಯೋಡೀಸೆಲ್ ಬೆರೆಸಿದ್ರ ಮಸಿಯಂಥಾ ಸಣ್ಣ ಕಣಗಳು ಸುಮಾರು ಶೇ 10, ಕಾರ್ಬನ್ ಮೊನಾಕ್ಸೈಡ್ ಶೇ 11, ಸುಡದ ಉಳದ ಹೈಡ್ರೋಕಾರ್ಬನ್ ಶೇ 21 ಇಳೀತಾವು, ಆದ್ರ ನೈಟ್ರೋಜನ್ ಆಕ್ಸೈಡ್ ಶೇ 2 ಏರತೈತಿ. ಪೂರಾ ಬಯೋಡೀಸೆಲ್ ಹಾಕಿದ್ರ ಕಣ ಹತ್ತತ್ರ ಅರ್ಧಕ್ಕ ಬರತಾವು, ನೈಟ್ರೋಜನ್ ಆಕ್ಸೈಡ್ ಏರೂದು ಶೇ 10ರ ಆಸುಪಾಸು. ಈಗ ನಾನು ‘ಹೊಗಿ ಕಡಿಮಿ ಆಗತೈತಿ’ ಅಂತ ಬರದು ಬಿಟ್ರ ಕಣ್ಣಿಗೆ ಕಾಣೋ ಕರಿ ಹೊಗಿ ಮಟ್ಟಿಗೆ ಅದು ಸರಿ, ಕಾಣದ ಇರೋ ಗ್ಯಾಸ್ ಏರಿದ್ದು ಮುಚ್ಚೇ ಹೋಗತೈತಿ, ಉಸಿರಿನ ತ್ರಾಸು ಇದ್ದವರಿಗೆ ಅದೂ ಕೆಡಕ ಮಾಡತೈತ್ರಿ.

ಪೇಪರ್‌ನಾಗ ‘ಹೊರಸೂಸುವಿಕೆ’ ಅಂತ ಹಾಕ್ತಾರ. ನನಗ ಸೇರೂದಿಲ್ಲ. ಪರಿಮಳ ಸೂಸತೈತಿ, ನಗಿ ಸೂಸತೈತಿ, ಸೈಲೆನ್ಸರ್ ಸೂಸೂದು ಅಂದ್ರ ಹೆಂಗ? ‘ಉತ್ಸರ್ಜನೆ’ ಗ್ಯಾರೇಜಿನಾಗ ಯಾರೂ ಅನ್ನಂಗಿಲ್ಲ. ಗಾಡಿ ಹೊಗಿ ಕಾರತೈತಿ, ಉಗಳತೈತಿ ಅಂತೀವಿ, ಕ್ರಿಯಾಪದಕ್ಕ ಅವು ಚಲೋ ಅದಾವು, ಆದ್ರ ‘ಕಾರುವಿಕೆ’ ಅಂತ ಮಾಡಿದ್ರ ಓದೋರು ಕಾರ್ ಗಾಡಿ ಅಂದ್ಕೋತಾರ.

ಸದ್ಯಕ್ಕ ‘ಸುಟ್ಟ ಗಾಳಿ’ ಅಂತ ಬರದೇನಿ. ಸಿಲಿಂಡರ್‌ನಾಗ ಸುಟ್ಟು ಹೊರಗ ಬರೂದೆಲ್ಲಾ, ಕಾಣೂದೂ ಕಾಣದ್ದೂ, ಅದರಾಗ ಹಿಡೀತೈತಿ. ‘ಸುಟ್ಟ ಗಾಳ್ಯಾಗಿನ ಮಸಿ ಇಳೀತು, ನೈಟ್ರೋಜನ್ ಆಕ್ಸೈಡ್ ಏರಿತು’ ಅಂತ ಬರ್ಯಾಕೂ ತೊಡಕಿಲ್ಲ. ಇದು ನಡೀತೈತೇನ್ರಿ?

ಇನ್ನೊಂದು. ‘ಹೊಂಗಿ ಎಣ್ಣಿಲೇ ಗಾಡಿ ಓಡಸೂದು’ ಅಂತ ಮಂದಿ ಬರೇ ಎಣ್ಣಿಗೂ ಬಯೋಡೀಸೆಲ್‌ಗೂ ಎರಡಕ್ಕೂ ಒಂದ ಮಾತು ಆಡ್ತಾರ. ಗಾಣದಿಂದ ಬಂದ ಎಣ್ಣಿ ದಪ್ಪ, ಇಂಜೆಕ್ಟರ್‌ನಿಂದ (ಸಿಲಿಂಡರ್ ಒಳಗ ಎಣ್ಣಿ ಸಿಡಸೋ ಭಾಗ) ಸಣ್ಣ ಹನಿ ಆಗಿ ಸಿಡ್ಯಾಂಗಿಲ್ಲ, ಸರಿ ಸುಡೂದಿಲ್ಲ, ಇಂಜೆಕ್ಟರ್ ಬಾಯಿಗೆ ಕಾರ್ಬನ್ ಕಟ್ಟತೈತಿ. ಮೆಥನಾಲ್ ಕೂಡಿಸಿ ಗ್ಲಿಸರಿನ್ ಬಿಡಿಸಿದ ಮ್ಯಾಲೇ ಅದು ಬಯೋಡೀಸೆಲ್. ಮೊದಲಿನದಕ್ಕ ‘ಹಸಿ ಎಣ್ಣಿ’ ಅನ್ನಲೇ, ‘ಗಾಣದೆಣ್ಣಿ’ ಅನ್ನಲೇ? ಹುಬ್ಬಳ್ಳಿ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಾಗ ಹೊಂಗಿ ಬಯೋಡೀಸೆಲ್ ಹಾಕಿ ಎಂಜಿನ್ ಟೆಸ್ಟ್ ಮಾಡ್ಯಾರ, ಅಲ್ಲಿ ಕೆಲಸಾ ಮಾಡಿದವರು ಯಾರರ ಇದ್ರ ಲ್ಯಾಬಿನಾಗ ಕನ್ನಡದಾಗ ಮಾತಾಡುವಾಗ ಇವಕ್ಕ ಏನಂತಿದ್ರಿ ಅನ್ನೂದನ್ನ ದಯಮಾಡಿ ತಿಳಸ್ರಿ.